ಭರಣಿಯ ಕರಿಕಲ್ಲು

ಟಣ್! ಸುತ್ತಿಗೆ ಬಿದ್ದದ್ದೇ ತಡ, ಓಲಿವರ್ ತಂದಿದ್ದ ಕಲ್ಲು ಎರಡು ಹೋಳಾಯಿತು.

"ಹೊರಗೆ ಧೂಳುಬಣ್ಣ, ಒಳಗೆ ಬಿಳಿ! ಒಡೆಯದೆ ಕಲ್ಲು ಬಾಯಿ ಬಿಡುವುದಿಲ್ಲ ಮಕ್ಕಳೇ," ಎಂದು ಪೌಲಿನ್ ಮೇಡಂ ನಕ್ಕರು.

ಮೇಡಂ ಮಂಗಳೂರಿನವರು, ಭೂವಿಜ್ಞಾನದ ಪ್ರೊಫೆಸರ್. ಐಸ್‌ಲ್ಯಾಂಡಿನ ಜ್ವಾಲಾಮುಖಿ, ಹಿಮನದಿಗಳ ಮೇಲೆಲ್ಲ ಕಾಲೇಜಿನವರನ್ನು ನಡೆಸಿದವರು. ಇವತ್ತು ಬಹರೈನಿನ ಮರುಭೂಮಿಗೆ ಕನ್ನಡ ಸಂಘದ ಮಕ್ಕಳನ್ನು ಕರೆತಂದಿದ್ದರು. ಮರಳಲ್ಲಿ ಗೆರೆ ಎಳೆದು, "ಈಚೆ ಜ್ವಾಲಾಮುಖಿ, ಆಚೆ ಹಿಮನದಿ" ಎಂದು ಅಲ್ಲಿಂದ ತಂದ ಕಲ್ಲುಗಳನ್ನು ಜೋಡಿಸಿದ್ದರು. ಮಕ್ಕಳು ಬೆವರು ಒರೆಸಿಕೊಳ್ಳುತ್ತಾ ಹಿಮನದಿ ದಾಟಿದ್ದೂ ಆಗಿತ್ತು!

"ನೆಕ್ಸ್ಟ್, ಜಾನಿಸ್!"

ಜಾನಿಸ್ ಹಿಂದುಮುಂದು ನೋಡುತ್ತಾ ತನ್ನ ಕಲ್ಲನ್ನು ಮೇಡಂ ಮುಂದಿಟ್ಟಳು. ಮನೆಯಿಂದ ಒಂದು ಕಲ್ಲು ತನ್ನಿ ಎಂದಿದ್ದರು, ನಿಜ. ಒಡೆಯುತ್ತಾರೆಂದು ಯಾರಿಗೆ ಗೊತ್ತಿತ್ತು? ಪೇಟೆ ನಡುವಿನ ಗುದೈಬಿಯಾದ ಫ್ಲ್ಯಾಟಿನಲ್ಲಿ ಕಲ್ಲು ಎಲ್ಲಿಂದ ಬರಬೇಕು! ಇದ್ದದ್ದು ಒಂದೇ. ಉಪ್ಪುನೀರಿನ ಮಾವಿನಕಾಯಿ ತೇಲದಂತೆ ಮಮ್ಮಿ ಭರಣಿಯೊಳಗೆ ಇಟ್ಟಿದ್ದ ಕರಿಕಲ್ಲು. ಮಲ್ಪೆಯಲ್ಲಿದ್ದು ತೀರಿಹೋದ ಅಜ್ಜಿಯದು. "ಎಲ್ಲರೂ ಊರಿಂದ ಹಲ್ವ ತಂದರೆ ನಿನ್ನ ಮಮ್ಮಿ ಕಲ್ಲು ಹೊತ್ತು ತಂದಳು ಮಾರಾಯ್ತಿ!" ಎಂದು ಡ್ಯಾಡಿ ಈಗಲೂ ತಮಾಷೆ ಮಾಡುತ್ತಾರೆ. ಅದನ್ನೇ ಇವಳು ಕೇಳದೆ ಎತ್ತಿಕೊಂಡು ಬಂದಿದ್ದಳು.

ಸುತ್ತಿಗೆ ಮೇಲೇರಿತು.

"ಬೇಡ ಮೇಡಂ, ಪ್ಲೀಸ್! ಅದು ಮಲ್ಪೆಯ ನಮ್ಮ ಅಜ್ಜಿಯದ್ದು!"

"ಅಜ್ಜಿಗೆ ಕಲ್ಲು ಎಂತಕ್ಕೆ?" ಎಂದ ಓಲಿವರ್. ಎಲ್ಲರೂ ಗೊಳ್ಳೆಂದು ನಕ್ಕರು.

ಮೇಡಂ ನಗಲಿಲ್ಲ. ಕಲ್ಲನ್ನು ಮೂಗಿನ ಹತ್ತಿರ ತಂದರು.

"ಅಯ್ಯೋ, ಇದು ಭರಣಿಯ ಕಲ್ಲಲ್ವಾ ಮಗಾ? ಉಪ್ಪುಮಾವಿನಕಾಯಿ ವಾಸನೆ!" ಅವರ ಕಣ್ಣು ತುಂಬಿತು. "ನಮ್ಮಮ್ಮನ ಹತ್ತಿರವೂ ಇಂಥದ್ದೇ ಒಂದಿತ್ತು. ಲೋಕದ ಕಲ್ಲೆಲ್ಲ ಹೊತ್ತು ತಂದೆ, ಅದೊಂದನ್ನು ಮಾತ್ರ ಬಿಟ್ಟುಬಂದೆ ನೋಡು."

ಆಮೇಲೆ ಅದನ್ನು ಜ್ವಾಲಾಮುಖಿಯ ಕಡೆ ಮೆಲ್ಲಗೆ ಇಟ್ಟರು. "ಇದೂ ಲಾವಾದಿಂದ ಹುಟ್ಟಿದ್ದೇ. ನಮ್ಮ ಮಲ್ಪೆಯ ಕಡಲಲ್ಲೂ ಒಂದು ಕಾಲಕ್ಕೆ ಬೆಂಕಿ ಹರಿದಿತ್ತು!" ಓಲಿವರ್ ಬಾಯಿಬಿಟ್ಟುಕೊಂಡು ನೋಡಿದ.

ಹೊರಡುವಾಗ ಕಲ್ಲು ವಾಪಸು ಕೊಡುವ ಮೊದಲು ಮೇಡಂ ಇನ್ನೊಮ್ಮೆ ಮೂಸಿದ್ದನ್ನು ಜಾನಿಸ್ ಕಂಡಳು.

ಮನೆಯಲ್ಲಿ ಮಮ್ಮಿ ಭರಣಿಯ ಮುಂದೆ ನಿಂತಿದ್ದರು. "ಎಲ್ಲಿ ಹೋಯ್ತು ಕಲ್ಲು? ಮಾವಿನಕಾಯಿ ಎಲ್ಲ ತೇಲ್ತಾ ಉಂಟು!"

ಜಾನಿಸ್ ಕಲ್ಲನ್ನು ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಬೈಯಲು ಹೊರಟಿದ್ದ ಮಮ್ಮಿ ಕಲ್ಲನ್ನು ಒಮ್ಮೆ ಸವರಿದರು. ಸೆರಗಿಲ್ಲದ ನೈಟಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡರು.

"ಮಮ್ಮಿ, ಮೇಡಂಗೆ ಸ್ವಲ್ಪ ಮಾವಿನಕಾಯಿ ಕೊಡುವನಾ?"

ಮಮ್ಮಿ ಖಾಲಿ ಬಾಟಲಿ ತಂದರು. ಜಾನಿಸ್ ಭರಣಿಗೆ ಕೈ ಹಾಕಿ, ತನಗೆಂದು ಕಣ್ಣಿಟ್ಟಿದ್ದ ದೊಡ್ಡ ಮಾವಿನಕಾಯಿಯನ್ನೇ ಮೊದಲು ಎತ್ತಿದಳು.