ಉಪ್ಪಿನ ಜಾಡಿಯ ಮೂರನೇ ಕ್ಲಿಕ್ಕು

"ನಿಮ್ಮ ಆಟ ಮುಗಿಸೋಕೆ ಮೂರು ದಿನ ಬೇಕಾಯ್ತು. ಅದರಲ್ಲಿ ಎರಡೂವರೆ ದಿನ ನಿಮ್ಮನ್ನ ಬೈಕೊಂಡೇ ಕಳೆದೆ!"

ಮೆಟ್ಟಿಲು ಹತ್ತಿ ಬಂದ ಏದುಸಿರಲ್ಲೇ ಯಶೋಧಾ ಹಾಗೆಂದಾಗ ಚಂದ್ರಮೌಳಿ ಕುರ್ಚಿಯಿಂದ ಅರ್ಧ ಎದ್ದವನು ಅಲ್ಲೇ ನಿಂತುಬಿಟ್ಟ.

ಅಗ್ರಹಾರದ ಪೂಜಾ ಸಾಮಗ್ರಿ ಅಂಗಡಿಯೊಂದರ ಮೇಲಿನ ಒಂಟಿ ಕೋಣೆ ಅದು. ಅಂಗಡಿ ಅವನ ಮನೆಯವರದು. ಕೆಳಗೆ ವಿಭೂತಿ, ಕರ್ಪೂರದ ವಾಸನೆ. ಮೇಲೆ ಎರಡು ಕಂಪ್ಯೂಟರು, ಒಂದು ಫ್ಯಾನು, ಮತ್ತೆ ಬಾಯಿ ಬಿಡಲು ಬಾರದ ಈ ಮಹಾಶಯ! ಕನ್ನಡದಲ್ಲೇ ಅಡ್ವೆಂಚರ್ ಗೇಮ್ ಮಾಡುತ್ತೇನೆಂದು ಹಟ ಹಿಡಿದು ಕೂತವನು. ಅವನ ಆಟದಲ್ಲಿ ಬಂದೂಕಿಲ್ಲ, ರೇಸಿಲ್ಲ. ಬೀಗ ಬಿದ್ದ ಒಂದು ಮನೆ. ಮೌಸಿನಲ್ಲಿ ಅದನ್ನೂ ಇದನ್ನೂ ಒತ್ತಿ ನೋಡುತ್ತ, ಒಗಟು ಬಿಡಿಸುತ್ತ, ಹೊರಗೆ ಹೋಗುವ ದಾರಿ ಹುಡುಕಬೇಕು. ಅಷ್ಟೇ.

ಯಶೋಧಾ ಊರಿನ ಇನ್ನೊಂದು ತುದಿಯ ಕೆಸರೆಯವಳು. ಇಂಥ ಆಟಗಳ ಗುಣದೋಷ ಹೇಳುವ ಅವಳ ಯೂಟ್ಯೂಬ್ ಚಾನೆಲ್ ನೋಡಿ ಇವನೇ ಕರೆಸಿದ್ದ. ಕರೆಸಿ ಬೈಸಿಕೊಳ್ಳುತ್ತಿದ್ದ, ಪಾಪ!

"ಗಡಿಯಾರ ಓಡಬೇಕಾದ್ರೆ ತೊಟ್ಟಿಲು ತೂಗಬೇಕು ಅಂತ ಯಾರಿಗ್ರೀ ಹೊಳೆಯುತ್ತೆ?"

"ನನಗೆ... ಹೊಳೀತು."

"ಮಾಡಿದೋರು ನೀವು, ನಿಮಗೆ ಹೊಳೆಯದೆ ಇನ್ಯಾರಿಗೆ? ಅಡ್ವೆಂಚರ್ ಗೇಮ್‌ಗಳ ದೊಡ್ಡ ದೋಷವೇ ಇದು ಕಣ್ರೀ. ಮಾಡಿದವರ ಮನಸ್ಸಲ್ಲಿ ಏನಿದೆ ಅಂತ ಆಡೋರು ಊಹೆ ಮಾಡ್ಬೇಕು. ಒಂದು ಸಣ್ಣ ವಸ್ತು ಕಣ್ತಪ್ಪಿದ್ರೆ ಮುಗೀತು, ಅಲ್ಲೇ ಸಿಕ್ಕಾಕೊಂಡು ಒದ್ದಾಡ್ಬೇಕು. ಒಂದ್ಸಲ ಮುಗಿಸಿದ್ರೆ ಒಗಟೆಲ್ಲ ಗೊತ್ತಾಗೋಗುತ್ತೆ, ಎರಡನೇ ಸಲಕ್ಕೆ ಮಜಾ ಇಲ್ಲ."

ಅವನ ಮುಖ ಸಣ್ಣದಾಯಿತು. "ಒಳ್ಳೇದು ಏನೂ ಇಲ್ವಾ?"

ಯಶೋಧಾ ಮೆತ್ತಗಾದಳು.

"ಇದೆ. ಬೇರೆ ಆಟಗಳ ಥರ ಅವಸರ ಮಾಡಲ್ಲ. ಮಧ್ಯದಲ್ಲಿ ಎದ್ದು ಹೋಗಿ ಮುದ್ದೆ ತೊಳಸಿಟ್ಟು ಬಂದ್ರೂ ನನಗೋಸ್ಕರ ಕಾಯ್ತಾ ಇರುತ್ತೆ. ಮತ್ತೆ ಆ ಕತೆ... ಕೊನೇಲಿ ಅತ್ತುಬಿಟ್ಟೆ."

ಆಗ ಅವನು ನಕ್ಕ. ಆ ನಗು ನೋಡಿದ್ದೇ ತಪ್ಪಾಯಿತು ನೋಡಿ ನಮ್ಮ ಹುಡುಗಿಗೆ!

ಅವನ ಎರಡನೇ ಆಟ ತಯಾರಾಗುತ್ತಿತ್ತು. ಅದರ ತಪ್ಪು ಹುಡುಕುವ ಕೆಲಸ ಅವಳದಾಯಿತು. ಎಂಟು ತಿಂಗಳು, ಪ್ರತಿ ಭಾನುವಾರ ಬೆಳಗ್ಗೆ ಅದೇ ಕೋಣೆ, ಅದೇ ಜಗಳ. ಕೆಳಗೆ ಅಂಗಡಿಯಲ್ಲಿ ಕೂತಿರುತ್ತಿದ್ದ ಅವನ ತಾಯಿ ಸಿದ್ದಲಿಂಗಮ್ಮ "ಬಾರವ್ವ" ಎಂದು ಬಾಯ್ತುಂಬ ಕರೆಯುತ್ತಿದ್ದರು. ಯಶೋಧಾ ಮನಸ್ಸಿನಲ್ಲೇ ಏನೇನೋ ಕಟ್ಟಿಕೊಂಡಳು. ಇವನು ಒಂದು ಮಾತು ಹೇಳಲಿ ಎಂದು ಕಾದಳು... ಹೇಳಬೇಕಲ್ಲ!

ಕೊನೆಗೊಂದು ದಿನ ಪೂರ್ತಿಯಾದ ಆಟವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅವನೇ ಕೆಸರೆಗೆ, ಅವಳ ಮನೆಗೆ ಬಂದ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಅವನು ಅವೆರಡನ್ನೂ ನೋಡಿದ್ದನ್ನು ಅವಳು ನೋಡಿದಳು. ಅಪ್ಪ ಜವರಪ್ಪ ಕೊಟ್ಟ ಕಾಫಿಯನ್ನು ಅರ್ಧ ಕುಡಿದು, ಬೆವರು ಒರೆಸಿಕೊಂಡು, ಪೆನ್‌ಡ್ರೈವ್ ಅವಳ ಕೈಗಿಟ್ಟು ಹೊರಟೇ ಹೋದ.

"ಯಾಕವ್ವ, ಕಾಪಿ ಅಂಗೇ ಬುಟ್ಬುಟ್ಟೋದ್ರಲ್ಲ?" ಎಂದರು ಜವರಪ್ಪ.

ಅವಳ ಎದೆ ಚುರುಕ್ ಎಂದಿತು. 'ಛೇ, ಅವರು ಅಂಥವರಲ್ಲ' ಎಂದು ತನಗೆ ತಾನೇ ಹೇಳಿಕೊಂಡಳು.

ಎರಡು ದಿನ ಕೂತು ಆಟ ಆಡಿ, ಸಿಕ್ಕ ನಲವತ್ತೊಂದು ತಪ್ಪುಗಳನ್ನು ಪಟ್ಟಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದಳು. ಎರಡು ನೀಲಿ ಗೀಟು ಬಿದ್ದವು. ಉತ್ತರ ಬರಲಿಲ್ಲ.

ಒಂದು ದಿನ. ಒಂದು ವಾರ. ಮೂರು ವಾರ! ಫೋನ್ ಮಾಡಿದರೆ ಎತ್ತಲಿಲ್ಲ.

'ಮನೆ ನೋಡಿದರು. ಪಟ ನೋಡಿದರು. ನಾವು ಯಾರು ಅಂತ ಗೊತ್ತಾಯ್ತು. ಅಷ್ಟೇ...' ಬೇರೆ ಏನು ಯೋಚಿಸಲಿ ಅವಳು? ಕಾಲೇಜಿನಲ್ಲಿ ಹೀಗೆಯೇ ಒಬ್ಬ ಗೆಳತಿ ಮನೆಗೆ ಬಂದು ಹೋದ ಮೇಲೆ ದೂರವಾಗಿದ್ದಳು. ಆಗ ಅತ್ತಿರಲಿಲ್ಲ. ಈಗ ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಅಪ್ಪನಿಗೆ ಕೇಳಿಸದ ಹಾಗೆ ಅತ್ತಳು.

ಕಡೆಗೆ ಅವಳು ಒಂದು ತೀರ್ಮಾನಕ್ಕೆ ಬಂದಳು. ಪೆನ್‌ಡ್ರೈವ್ ಅವರ ಮುಂದಿಟ್ಟು, ಕಾರಣ ಅವರ ಬಾಯಿಂದಲೇ ಕೇಳಿ ಬಂದುಬಿಡುವುದು. ಜಾತಿ ಅಂದರೆ ಅಂದುಬಿಡಲಿ!

ಆ ಭಾನುವಾರ ಸಿದ್ದಲಿಂಗಮ್ಮ "ಬಾರವ್ವ" ಅನ್ನಲಿಲ್ಲ. ಮುಖ ತಿರುಗಿಸಿ ಊದುಬತ್ತಿ ಕಟ್ಟು ಜೋಡಿಸುತ್ತ ಕೂತರು. ಯಶೋಧಾಳಿಗೆ ಉಳಿದಿದ್ದ ಒಂದು ಚೂರು ಆಸೆಯೂ ಹೋಯಿತು.

ಮೇಲೆ ಚಂದ್ರಮೌಳಿ ಗಡ್ಡ ಬಿಟ್ಟುಕೊಂಡು, ಆರಿದ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದ.

"ತಗೊಳ್ಳಿ ನಿಮ್ಮ ಪೆನ್‌ಡ್ರೈವ್. ಒಂದೇ ಮಾತು ಕೇಳಿ ಹೋಗ್ತೀನಿ. ನಮ್ಮ ಮನೆ ನೋಡಿದ್ಮೇಲೆ ಮಾತು ಬಿಟ್ರಲ್ಲ, ಯಾಕೆ?"

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು.

"ಮನೆನಾ? ಯಶೋಧಾ, ಬೇಡ ಅಂದೋರು ನೀವು!"

"ನಾನಾ? ಏನು ಬೇಡ ಅಂದೆ?"

ಅವನು ಫೋನ್ ತೆಗೆದು ಅವಳ ಪಟ್ಟಿಯನ್ನೇ ತೋರಿಸಿದ. ಹದಿನೇಳನೇ ಸಾಲು. ಅವಳೇ ಬರೆದದ್ದು: 'ಅಡುಗೆಮನೆಯ ಉಪ್ಪಿನ ಜಾಡಿ. ಅಗತ್ಯವಿಲ್ಲ. ತೆಗೆದುಹಾಕಿ.'

"ಹೌದು, ಬರೆದೆ. ಜಾಡಿ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ, ಏನೂ ಆಗ್ಲಿಲ್ಲ. ಅದಕ್ಕೇ ಬರೆದೆ."

"ಎರಡು ಸಲಾನಾ..." ಅವನ ದನಿ ಬಿದ್ದುಹೋಯಿತು. "ಮೂರು ಸಲ ಮಾಡ್ಬೇಕಿತ್ತು. ಅದರೊಳಗೆ ನಿಮಗೆ ಕಾಗದ ಬರೆದಿಟ್ಟಿದ್ದೆ. ಅವತ್ತು ನಿಮ್ಮ ಮನೇಲಿ ಕಾಫಿ ಗಂಟಲಲ್ಲಿ ಇಳೀಲಿಲ್ಲ, ಆ ಕಾಗದ ಇದ್ದ ಪೆನ್‌ಡ್ರೈವ್ ಜೇಬಲ್ಲೇ ಇತ್ತಲ್ಲ. ನಿಮ್ಮ ಕಣ್ಣಿಗೆ ಬೀಳದ ವಸ್ತುನೇ ಇಲ್ಲ. ಓದಿದ್ರಿ, ಇಷ್ಟ ಆಗ್ಲಿಲ್ಲ, ಮರ್ಯಾದೆಯಾಗಿ ತೆಗೆದುಹಾಕಿ ಅಂದ್ರಿ ಅಂತ..."

ಯಶೋಧಾ ಆ ಹದಿನೇಳನೇ ಸಾಲನ್ನು ಇನ್ನೊಮ್ಮೆ ಓದಿದಳು. ಇಪ್ಪತ್ತು ಚಿಲ್ಲರೆ ದಿನ ಅತ್ತದ್ದು ಇದಕ್ಕಾ? ಕೋಪ, ನಗು, ಅಳು ಮೂರೂ ಒಟ್ಟಿಗೆ ನುಗ್ಗಿ ಬಂದವು.

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಏನೂ ಆಗದ ಜಾಡಿ ಮೇಲೆ ಮೂರನೇ ಸಲ ಯಾರ್ರೀ ಕ್ಲಿಕ್ ಮಾಡ್ತಾರೆ?"

ಅವನು ಕಂಪ್ಯೂಟರ್ ಹಾಕಲು ಕೈ ಚಾಚಿದ. "ಈಗ ತೋರಿಸ್ತೀನಿ..."

ಅವಳು ಆ ಕೈ ಹಿಡಿದು ನಿಲ್ಲಿಸಿದಳು. "ಬೇಡ. ಬಾಯಲ್ಲಿ ಹೇಳಿ."

ಅವನ ತುಟಿ ಎರಡು ಸಲ ಅಲುಗಿ ನಿಂತಿತು.

"ನೀವಂದ್ರೆ ನನಗೆ ಪ್ರಾಣ, ಯಶೋಧಾ. ನನ್ನ ಮದುವೆ ಆಗ್ತೀರಾ?"

ಎಂಟು ತಿಂಗಳು ಕಾದ ಮಾತು! ಆದರೂ ಅವಳಿಗೆ ಸಂತೋಷಪಡಲು ಧೈರ್ಯ ಬರಲಿಲ್ಲ. ಕೆಳಗೆ ತಿರುಗಿಸಿಕೊಂಡ ಆ ಮುಖ ಕಣ್ಣ ಮುಂದೆಯೇ ಇತ್ತು.

"ನಾವು ಯಾರು ಅಂತ ನಿಮ್ಮ ಅಮ್ಮನಿಗೆ ಗೊತ್ತಾ?"

"ಗೊತ್ತು. ನನಗೆ ಮೊದಲೇ ಗೊತ್ತಿತ್ತು, ನಿಮ್ಮ ಮನೆಗೆ ಬರೋ ಹಿಂದಿನ ದಿನವೇ ಅಮ್ಮನಿಗೂ ಎಲ್ಲ ಹೇಳ್ದೆ. ಮದುವೆ ಅಂತ ಆದ್ರೆ ಯಶೋಧಾನೇ ಅಂದೆ. ಅವತ್ತಿಂದ ನನ್ನ ಜೊತೆ ಮಾತಿಲ್ಲ. ತಟ್ಟೆ ಇಟ್ಟು ಒಳಗೆ ಹೋಗ್ತಾರೆ."

ತನ್ನ ಹತ್ತಿರ ಒಂದು ಮಾತಾಡಲು ಹೆದರಿದ ಮನುಷ್ಯ, ತನಗಾಗಿ ತಾಯಿಯ ಎದುರು ನಿಂತಿದ್ದನೇ? ಇವರನ್ನೇ ತಾನು ಜಾತಿ ನೋಡಿದರು ಅಂದುಕೊಂಡದ್ದೇ?

"ನಾನು ಒಲ್ಲೆ ಅಂದೆ ಅಂದ್ಕೊಂಡ್ರಲ್ಲ, ಅದನ್ನಾದ್ರೂ ಅಮ್ಮನಿಗೆ ಹೇಳ್ಬೋದಿತ್ತು. ಅವರು ಸಮಾಧಾನ ಆಗೋರು, ಮಾತಾಡೋರು."

"ಅಮ್ಮನಿಗೆ ಖುಷಿ ಆಗಿರೋದು. ನೀವು ನನಗೆ ಸಿಗ್ಲಿಲ್ಲ ಅಂತ ಒಬ್ರು ಖುಷಿ ಪಡೋದನ್ನ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಅವರು ಮಾತಾಡದೆ ಇದ್ರೂ ಪರವಾಗಿಲ್ಲ ಅಂತ ಸುಮ್ಮನಾದೆ."

ಯಶೋಧಾ ಅವನ ಕೈ ಬಿಡದೆ, ತಡೆಯಲೂ ಹೋಗದೆ ಅತ್ತಳು. ಅವನೂ ಅತ್ತ. ಸಿದ್ದಲಿಂಗಮ್ಮ ಒಪ್ಪುತ್ತಾರೋ ಇಲ್ಲವೋ ಇಬ್ಬರಿಗೂ ತಿಳಿಯದು. ಒಪ್ಪದಿರುವುದೇ ಹೆಚ್ಚು.

"ಈಗ ಕೆಳಗೆ ಹೋಗಿ ಅಮ್ಮನಿಗೆ ಏನಂತ ಹೇಳ್ತೀರಾ?" ಕಣ್ಣೊರೆಸಿಕೊಂಡು ಕೇಳಿದಳು.

"ಯಶೋಧಾ ಒಪ್ಪಿದ್ಲು ಅಂತ."

"ನಾನಿನ್ನೂ ಒಪ್ಪಿದೀನಿ ಅಂದೇ ಇಲ್ವಲ್ಲ!"

"ಹೌದಲ್ವಾ..." ಅವನ ಮುಖ ಇಳಿದುಹೋಯಿತು.

"ಒಪ್ಪಿದೀನಿ ಕಣ್ರೀ! ನಡೀರಿ ಈಗ, ನನ್ನ ಧೈರ್ಯ ಇಳಿಯೋಕೆ ಮುಂಚೆ."