ತೊಂಬತ್ತು ದಿನದ ಮಾತು

ಹೇಳಿಬಿಡಲೇ? ಇಲ್ಲ, ಇನ್ನೊಂದು ನಿಮಿಷ ಕಾಯಲೇ?

ಅವನೇ ಹೇಳುತ್ತಾನೆ. ಹೇಳಬೇಕಾದವನು ಅವನು ತಾನೇ... ನಾನು ಹೇಳಿದರೆ ಚಾಡಿ ಹೇಳಿದಂತಾಗುತ್ತದೆ.

ಮ್ಯಾನೇಜರ್ ಕೋಣೆಯಲ್ಲಿ ನಾಗಮಣಿ ಮೇಜಿನ ಮೇಲಿದ್ದ ಕಾಗದವನ್ನು ಮತ್ತೊಮ್ಮೆ ಓದಿದಳು. ಜೂನ್ ಹದಿನಾಲ್ಕು, ಮಧ್ಯಾಹ್ನ ಒಂದು ಮೂವತ್ತೈದು. ಅವಳ ಕಂಪ್ಯೂಟರಿನಲ್ಲಿ, ಅವಳ ಲಾಗಿನ್‌ನಿಂದ, ಅಡ್ಮಿನ್ ಅಧಿಕಾರವಿರುವ ಹೊಸ ಖಾತೆಯೊಂದು ಹುಟ್ಟಿದೆ. ಆರು ನಿಮಿಷದ ನಂತರ ಅಳಿಸಿಹೋಗಿದೆ.

ಮದ್ದೂರಿನ ಹಳೆಯ ಹೆದ್ದಾರಿ ಪಕ್ಕದ ಆ ಮಹಡಿಯಲ್ಲಿ ಇಪ್ಪತ್ತೆರಡು ಜನ ಕೂತು ಬೆಂಗಳೂರಿನ ಆಸ್ಪತ್ರೆಯೊಂದರ ರೋಗಿಗಳ ದಾಖಲೆಗಳನ್ನು ಟೈಪ್ ಮಾಡುತ್ತಿದ್ದರು. ಅಡ್ಮಿನ್ ಅಧಿಕಾರ ಇದ್ದವರು ಅಲ್ಲಿ ಯಾರ ದಾಖಲೆಯನ್ನಾದರೂ ನೋಡಬಹುದು, ತಿದ್ದಬಹುದು. ಅದು ಒಬ್ಬನಿಗೆ ಮಾತ್ರ ಇತ್ತು. ಸಿಸ್ಟಂ ನೋಡಿಕೊಳ್ಳುವ ಮಹದೇವು.

ಅವನು ಎದುರಿಗೇ, ಕಿಟಕಿಯ ಬಳಿ ಕೂತಿದ್ದ. ಅವಳತ್ತ ನೋಡುತ್ತಿರಲಿಲ್ಲ.

ಮ್ಯಾನೇಜರ್ ಜಯಪ್ರಕಾಶ್ ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯವರು ಪೊಲೀಸ್ ದೂರು ಕೊಡುವ ಮಾತಾಡುತ್ತಿದ್ದಾರೆ, ಅದಕ್ಕೆ ಮೊದಲು ವಿಷಯ ಇಲ್ಲೇ ತಿಳಿಯಾಗಲಿ ಎಂದರು.

"ನೋಡಮ್ಮ, ಆ ಹೊತ್ನಲ್ಲಿ ನಿನ್ನ ಜಾಗದಲ್ಲಿ ಬೇರೆ ಯಾರಾದ್ರೂ ಕೂತಿದ್ರಾ? ಹೇಳ್ಬುಡು, ಮುಗ್ದೋಯ್ತದೆ."

ಕೂತಿದ್ದ. ಅವನೇ ಕೂತಿದ್ದ... ಹತ್ತು ನಿಮಿಷ ನಿಮ್ಮ ಸಿಸ್ಟಂ ಬೇಕಿತ್ತು ಎಂದು ಕೇಳಿದ್ದ. ಅವಳು ಬುತ್ತಿ ಎತ್ತಿಕೊಂಡು ಜೊತೆಯ ಕೆಲಸದ ಗೆಳತಿ ನಯನಳ ಪಕ್ಕಕ್ಕೆ ಹೋಗಿದ್ದಳು.

"ನಾನೇನೂ ಮಾಡಿಲ್ಲ ಸಾರ್" ಎಂದಷ್ಟೇ ಹೇಳಿದಳು. ಹೇಳಿ, ಕಿಟಕಿಯ ಕಡೆ ನೋಡಿದಳು.

ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು. ಮಹದೇವು ಮಾತಾಡಲಿಲ್ಲ.

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಜಯಪ್ರಕಾಶ್ ಹೇಳಿದರು. ಅವಳು ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಮೆಟ್ಟಿಲು ಇಳಿಯುವಾಗಲೂ ಹಿಂದೆ ಹೆಜ್ಜೆ ಕೇಳಿಸಬಹುದೆಂದು ಕಿವಿ ಕೊಟ್ಟಿದ್ದಳು. ಕೇಳಿಸಲಿಲ್ಲ.

ಮಹದೇವು ಮಾಡಿದ್ದು ಇಷ್ಟು.

ಮದ್ದೂರಿನ ಕಂಪ್ಯೂಟರುಗಳನ್ನು ಆಸ್ಪತ್ರೆಯ ಕಂಪ್ಯೂಟರಿಗೆ, ನಡುವೆ ಯಾರೂ ಇಣುಕದಂತೆ ಜೋಡಿಸುವ ತಂತ್ರಾಂಶವೊಂದಿತ್ತು, ವಿಪಿಎನ್. ಅದರ ಒಂದು ಭಾಗ ಯಂತ್ರದ ಪೂರ್ತಿ ಅಧಿಕಾರದಲ್ಲಿ ಓಡುತ್ತದೆ. ಶುರುವಾಗುವಾಗ ಅದು ಒಂದು ಫೋಲ್ಡರಿನಿಂದ ಫೈಲ್ ಎತ್ತಿಕೊಳ್ಳುತ್ತದೆ. ಆ ಫೋಲ್ಡರಿನಲ್ಲಿ ಸಾಮಾನ್ಯ ಕೆಲಸಗಾರರೂ ಫೈಲ್ ಇಡಬಹುದಿತ್ತು. ಅಂದರೆ, ಅದೇ ಹೆಸರಿನ ಬೇರೊಂದು ಫೈಲ್ ಇಟ್ಟವರು ಆ ಯಂತ್ರಕ್ಕೇ ಒಡೆಯರಾಗಬಹುದು.

ಮಹದೇವುಗೆ ಇದು ಹೊಳೆದಿತ್ತು. ಹೊಳೆದದ್ದು ಸಾಲದು, ಮಾಡಿ ನೋಡಬೇಕು. ಅವನ ಲಾಗಿನ್‌ಗೆ ಮೊದಲೇ ಎಲ್ಲ ಅಧಿಕಾರ ಇದ್ದುದರಿಂದ ಅಲ್ಲಿ ಮಾಡಿದರೆ ಏನೂ ಸಾಬೀತಾಗದು. ಸಾಮಾನ್ಯರ ಲಾಗಿನ್ ಬೇಕು.

ಅದು ಆ ಕಚೇರಿಯಲ್ಲಿ ಕಷ್ಟವಿರಲಿಲ್ಲ. ವಿಪಿಎನ್ ಒಮ್ಮೆ ತಪ್ಪಿದರೆ ಮತ್ತೆ ಸೇರಲು ಜಯಪ್ರಕಾಶ್ ಅವರ ಫೋನಿಗೆ ಬರುವ ಒಟಿಪಿ ಬೇಕು. ಅವರು ಮಧ್ಯಾಹ್ನ ಮನೆಗೆ ಹೋಗಿ ಉಂಡು ಮಲಗಿದರೆ ಮೂರು ಗಂಟೆವರೆಗೆ ಫೋನು ಎತ್ತುವುದಿಲ್ಲ. ಅದಕ್ಕೇ ಎಲ್ಲರೂ ಬೆಳಿಗ್ಗೆ ಸೇರಿಸಿದ್ದನ್ನು ಸಂಜೆವರೆಗೆ ಹಾಗೇ ಬಿಟ್ಟು, ಪರದೆಗೆ ಲಾಕ್ ಕೂಡ ಹಾಕದೆ ಊಟಕ್ಕೆ ಏಳುತ್ತಿದ್ದರು. ಇಪ್ಪತ್ತೆರಡು ಜನರಲ್ಲಿ ಅವನು ಕೇಳಲು ಸಂಕೋಚಪಡದೆ ಇದ್ದದ್ದು ನಾಗಮಣಿಯ ಹತ್ತಿರ ಮಾತ್ರ.

ಕೆಲಸ ಆರು ನಿಮಿಷದಲ್ಲಿ ಮುಗಿಯಿತು. ದೋಷ ಇರುವುದು ಖಚಿತವಾಯಿತು, ಹುಟ್ಟಿಸಿದ ಖಾತೆಯನ್ನು ಅಳಿಸಿದ. ಗುರುತು ಎಲ್ಲೋ ದಾಖಲಾಗಿ ಆಸ್ಪತ್ರೆಯವರ ಕಣ್ಣಿಗೆ ಬೀಳುತ್ತದೆಂದು ಯೋಚಿಸಲಿಲ್ಲ. ಅದೇ ಸಂಜೆ ವಿಪಿಎನ್ ಕಂಪನಿಗೆ ದೋಷದ ವಿವರ ಬರೆದ. ಸರಿಪಡಿಸಲು ತೊಂಬತ್ತು ದಿನ ಬೇಕು, ಅಲ್ಲಿಯವರೆಗೆ ಅದು ಹೇಗೆ ನಡೆಯುತ್ತದೆಂದು ಯಾರಿಗೂ ತಿಳಿಸಬಾರದು ಎಂದು ಅವರು ಕೇಳಿದರು. ಆ ಕಸುಬಿನಲ್ಲಿ ಅದು ವಾಡಿಕೆ. ಅವನು ಒಪ್ಪಿದ.

ಕೊಪ್ಪದ ಮನೆಯಲ್ಲಿ ನಾಗಮಣಿ ಎರಡು ದಿನ ಸುಳ್ಳು ಹೇಳಿದಳು, ರಜೆ ಎಂದು. ಮೂರನೆಯ ದಿನ ಅವ್ವ ದೇವಿರಮ್ಮ ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿ ಯಾರೋ ಕೇಳಿದರಂತೆ, ಮಗಳು ಆಸ್ಪತ್ರೆ ಕಂಪ್ಯೂಟರಿನಿಂದ ಏನೋ ಕದ್ದಳಂತೆ, ಹೌದೇ ಎಂದು.

ಅವ್ವ ಬೈಯಲಿಲ್ಲ. ಹಾಲಿನ ಕ್ಯಾನು ತೊಳೆದು ಬೋರಲು ಹಾಕಿ ಒಳಗೆ ಹೋದಳು. ಅಪ್ಪ ಲಿಂಗಯ್ಯ ಅವಳನ್ನು ಜಗಲಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ನಮ್ಮೋರ ಮ್ಯಾಲೆ ಒಂದ್ ಮಾತು ಬಂದ್ರೆ ಎಲ್ರೂ ಬ್ಯಾಗ ನಂಬ್ತರೆ ಕಣವ್ವ. ನಿಂಗೆ ಏನಾರ ಗೊತ್ತಿದ್ರೆ ಬಾಯ್ ಬುಟ್ಟು ಹೇಳ್ಬುಡು."

ಹೇಳಬಹುದಿತ್ತು. ಒಂದು ಹೆಸರು ಸಾಕಿತ್ತು.

ಆದರೆ ಎಂಟು ತಿಂಗಳಿಂದ ಸಂಜೆ ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದವನು ಅವನು. ಕೊಪ್ಪದ ಬಸ್ಸು ಹೊರಡುವವರೆಗೆ ನಿಂತಿರುತ್ತಿದ್ದ, ಹೆಚ್ಚೇನೂ ಮಾತಾಡದೆ. ಅವನ ಆ ಮೌನವನ್ನು ಅವಳು ಮಾತೆಂದೇ ಎಣಿಸಿದ್ದಳು. ಈಗ ಅದೇ ಮೌನ ಅವಳಿಗೆ ಅರ್ಥವಾಗದಂತಾಗಿತ್ತು... ಇಷ್ಟು ದಿನವೂ ಅದರೊಳಗೆ ಏನೂ ಇರಲಿಲ್ಲವೇ?

ಫೋನನ್ನು ಅಡುಗೆಮನೆಗೂ ಒಯ್ಯುತ್ತಿದ್ದಳು. ಅವನ ಕರೆ ಬರಲಿಲ್ಲ.

ಹನ್ನೊಂದನೆಯ ದಿನ ಜಯಪ್ರಕಾಶ್ ಕರೆ ಮಾಡಿ, ತಪ್ಪು ತಿಳುವಳಿಕೆ ಆಗಿತ್ತು, ಸೋಮವಾರದಿಂದ ಬಾ ಎಂದರು. ಹೋದಳು. ಮಹದೇವು ಕೂರುತ್ತಿದ್ದ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಮಹದೇವು ಕೆಲಸ ಬಿಟ್ಟನೆಂದೂ ಯಾಕೆಂದು ಗೊತ್ತಿಲ್ಲವೆಂದೂ ನಯನ ಹೇಳಿದಳು.

ಓಡಿಹೋದ. ನಾಗಮಣಿ ಹಾಗೆಂದೇ ತೀರ್ಮಾನಿಸಿದಳು. ಅವನ ನಂಬರನ್ನು ಫೋನಿನಿಂದ ತೆಗೆದಳು. ಸಂಜೆ ಬಸ್ ನಿಲ್ದಾಣಕ್ಕೆ ಬೇರೆ ದಾರಿಯಲ್ಲಿ ಹೋಗತೊಡಗಿದಳು.

ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಎಲ್ಲ ಯಂತ್ರಗಳಲ್ಲೂ ವಿಪಿಎನ್‌ನ ಹೊಸ ಆವೃತ್ತಿ ಹಾಕಬೇಕೆಂದು ಸೂಚನೆ ಬಂತು. ಹಳೆಯದರಲ್ಲಿ ದೋಷವಿತ್ತು, ಸಾಮಾನ್ಯ ಲಾಗಿನ್‌ನಲ್ಲಿ ಕೂತವರೂ ಪೂರ್ತಿ ಅಧಿಕಾರ ಪಡೆಯಬಹುದಿತ್ತು ಎಂದು ಅದರಲ್ಲಿ ಬರೆದಿತ್ತು. ದೋಷ ಪತ್ತೆ ಮಾಡಿದವರು, ಬೆಳಕವಾಡಿ ಮಹದೇವು.

ನಾಗಮಣಿ ಆ ಸಾಲನ್ನು ಓದುತ್ತಿದ್ದಾಗ ಜಯಪ್ರಕಾಶ್ ಅವಳನ್ನು ಒಳಗೆ ಕರೆದರು. ಆಗ ಹೇಳುವಂತಿರಲಿಲ್ಲ, ಈಗ ಹೇಳಬಹುದು ಎಂದು ಹಳೆಯ ಮೇಲ್ ಒಂದನ್ನು ತೆರೆದು ತೋರಿಸಿದರು. ಅವಳನ್ನು ಮನೆಗೆ ಕಳಿಸಿದ ದಿನವೇ, ಸಂಜೆ ಆರೂ ಹತ್ತಕ್ಕೆ ಮಹದೇವು ಕಳಿಸಿದ್ದು.

ಆ ಹೊತ್ತಿನಲ್ಲಿ ಅಲ್ಲಿ ಕೂತಿದ್ದವನು ನಾನು. ನಾಗಮಣಿಗೆ ಏನೂ ತಿಳಿಯದು. ಹೇಗೆ ಮಾಡಿದೆ ಎಂಬುದನ್ನು ತೊಂಬತ್ತು ದಿನ ಹೇಳಲಾರೆ. ಕ್ರಮ ನನ್ನ ಮೇಲೆ ತೆಗೆದುಕೊಳ್ಳಿ.

ಅಷ್ಟೇ ಇತ್ತು. ಆಸ್ಪತ್ರೆಯವರು ಅದನ್ನು ಒಪ್ಪಲು ಹತ್ತು ದಿನ ಹಿಡಿದಿತ್ತು, ಆಮೇಲೆ ಜಯಪ್ರಕಾಶ್ ಅವನನ್ನು ಕೆಲಸದಿಂದ ತೆಗೆದುಹಾಕಿದ್ದರು.

ಭಾನುವಾರ ಅವಳು ಮಳವಳ್ಳಿಗೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಕಿರುಗಾವಲಿನಲ್ಲಿ ಇಳಿದಳು. ಅಲ್ಲಿ ಅವನು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ, ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತಾನೆ ಎಂದು ನಯನ ಪತ್ತೆ ಮಾಡಿಕೊಟ್ಟಿದ್ದಳು.

ಅಂಗಡಿಯಲ್ಲಿ ಚಿಕ್ಕಬೋರಮ್ಮ ಎಂಬ ಮುದುಕಿ ಬೆರಳಚ್ಚಿನ ಯಂತ್ರಕ್ಕೆ ಹೆಬ್ಬೆರಳು ಒತ್ತಿಕೊಂಡು ಕೂತಿದ್ದಳು. ಯಂತ್ರ ಒಪ್ಪುತ್ತಿರಲಿಲ್ಲ. ನಾಗಮಣಿ ಹೊಸ್ತಿಲಲ್ಲಿ ನಿಂತದ್ದನ್ನು ಮೊದಲು ಕಂಡದ್ದು ಅವಳೇ.

"ಪಿಂಚಣಿಗೇನವ್ವ? ಕೂತ್ಕೊ, ನಂದೇ ಇನ್ನೂ ಆಗಿಲ್ಲ. ಈ ಹೈದ ಬಾಯೇ ಬುಡಕಿಲ್ಲ ಕಣವ್ವ. ಈ ಮಿಷನ್ನೇ ವಾಸಿ, ಇನ್ನೊಂದ್ ಕಿತ ಒತ್ತಿ ಅಂತನಾರ ಅಂತದೆ."

ಮಹದೇವು ತಲೆ ಎತ್ತಿದ. ಎತ್ತಿದವನು ಹಾಗೇ ಇದ್ದ. ಮುದುಕಿ ಇವನನ್ನೂ ಅವಳನ್ನೂ ನೋಡಿ, ಸೆರಗು ಸರಿಮಾಡಿಕೊಂಡು, ಸೊಪ್ಪು ತಗೊಂಡು ಬತ್ತೀನಿ ಎಂದು ಎದ್ದು ಹೋದಳು.

ನಾಗಮಣಿ ಬಸ್ಸಿನಲ್ಲಿ ಬೈಗುಳಗಳನ್ನು ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ಬರಲಿಲ್ಲ.

"ಫೋನಾದ್ರೂ ಮಾಡ್ಬೋದಿತ್ತಲ್ಲ" ಎಂದಳು.

"ಏನಂತ ಮಾಡ್ಲಿ?"

"ನಾನು ನಿಮ್ಮ ಹೆಸರು ಹೇಳ್ಲಿಲ್ಲ. ಯಾಕೆ ಅಂತ ಕೇಳಲ್ವಾ?"

"ನಾನೇ ಹೇಳ್ಲಿ ಅಂತ ಕಾದ್ರಿ."

"ಅದೊಂದೇ ಅಲ್ಲ." ಅವಳ ದನಿ ತಗ್ಗಿತು. "ನಿನ್ನ ಮೇಲೆ ಇಷ್ಟ ಇತ್ತು. ಈಗ್ಲೂ ಇದೆ... ಎರಡು ಬಸ್ಸು ಹತ್ಕೊಂಡು ಬಂದಿದ್ದೀನಿ, ಕಾಣ್ಸಲ್ವಾ?"

ಮಹದೇವು ಕುರ್ಚಿಯಿಂದ ಎದ್ದ. ಮೇಜಿನ ಈಚೆಗೆ ಬಂದು ಅವಳ ಎದುರು ನಿಂತ. ಅವನ ಕಣ್ಣು ಒದ್ದೆಯಾಗಿತ್ತು.

"ದಿನಾ ನಿನ್ನ ನಂಬರ್ ತೆಗೆದು ನೋಡ್ತಿದ್ದೆ ನಾಗಮಣಿ. ನೀನಿಲ್ದೆ ನಂಗಾಗಲ್ಲ. ಕೊಪ್ಪಕ್ಕೆ ಬಂದು ನಿಮ್ಮಪ್ಪನ್ನ ಕೇಳ್ತೀನಿ."

ಅವಳು ಅತ್ತಳು, ಶಬ್ದವಿಲ್ಲದೆ. ಅವನು ಅವಳ ಕೈ ಹಿಡಿದುಕೊಂಡ. ಹೊರಗೆ ಬಸ್ಸೊಂದು ಬಂದು ನಿಂತು ಹೊರಟುಹೋಯಿತು.

ಕೈ ಬಿಡಿಸಿಕೊಳ್ಳದೆಯೇ ಅವಳು ಕೇಳಿದಳು. "ಒಂದೇ ಒಂದು. ಆ ರೂಮ್ನಲ್ಲಿ ನಾನು ನಿನ್ನೇ ನೋಡ್ತಿದ್ದೆ. ಯಾಕೆ ಸುಮ್ನಿದ್ದೆ?"

"ಕಂಪನಿಗೆ ಮಾತು ಕೊಟ್ಟಿದ್ದೆ. ಅವ್ರು ಸರಿ ಮಾಡೋವರ್ಗೂ ಹೇಳೋ ಹಂಗಿರ್ಲಿಲ್ಲ."

ಅವಳು ತಲೆಯಾಡಿಸಿದಳು. ಕೊಟ್ಟ ಮಾತಿಗೆ ನಡೆದುಕೊಳ್ಳುವವನು ಎಂದುಕೊಂಡಳು. ಎದೆಯ ಮೇಲಿದ್ದ ಭಾರ ಇಳಿಯಿತು.

"ನಮ್ಮಪ್ಪನ ಮುಂದೆ ಹಿಂಗೆ ಸುಮ್ನೆ ಕೂತ್ಕೊಂಡ್ರೆ ಕಾಪಿ ಕುಡಿಸಿ ವಾಪಸ್ ಕಳಿಸ್ತಾನೆ ಅಷ್ಟೇಯ" ಎಂದಳು.

"ಮಾತಾಡ್ತೀನಿ."

"ನಿಜವಾಗ್ಲೂ?"

"ನಿಜವಾಗ್ಲೂ."

ಮಾರ್ಗಶಿರದಲ್ಲಿ ಮದುವೆಯಾಯಿತು. ಈಗ ಇಬ್ಬರೂ ಕಿರುಗಾವಲಿನಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ.

ಕಂಪನಿಗೆ ಕೊಟ್ಟ ಮಾತು ಹೇಗೆ ಮಾಡಿದೆ ಎಂಬುದಕ್ಕೆ ಮಾತ್ರ ಸಂಬಂಧಿಸಿತ್ತು. ಅಲ್ಲಿ ಕೂತಿದ್ದವನು ನಾನು ಎನ್ನಲು ಅದು ಅಡ್ಡಿಯಾಗಿರಲಿಲ್ಲ. ಮ್ಯಾನೇಜರ್ ಕೋಣೆಯಲ್ಲಿ ಆ ಹತ್ತು ನಿಮಿಷ ತಾನು ಬಾಯಿ ಮುಚ್ಚಿಕೊಂಡಿದ್ದು ಹೆದರಿಕೆಯಿಂದ ಎಂದು ಮಹದೇವು ಅವಳಿಗೆ ಎಂದೂ ಹೇಳಲಿಲ್ಲ.