ಆರು ಸಾವಿರದ ಮೇಲೆ ಮಿಸ್ಸಿಂಗ್

ಮೆಕ್ಯಾನಿಕ್ ಓರ್ನೆಲ್ಲಾ ತನ್ನ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಕಾರು ತಂದ ಮನುಷ್ಯ ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು, ಇಂಜಿನ್ನಿನ ನೆತ್ತಿಗೆ ಟಕ್ ಟಕ್ ಎಂದು ತಟ್ಟಿ, ಕಿವಿಗೊಟ್ಟು ಕೇಳತೊಡಗಿದ್ದ.

"ಏನ್ರೀ ಅದು! ತೆಗೀರಿ ಮೊದ್ಲು!"

"ಒಳಗೆ ಬಿರುಕು ಇದ್ಯಾ ಅಂತ ನೋಡ್ತಿದ್ದೆ, ಸಿನ್ಯೋರಾ."

"ಇದು ಚೀಸ್ ಅಲ್ಲ."

"ಗೊತ್ತು. ಚೀಸ್ ಆಗಿದ್ರೆ ಇಷ್ಟೊತ್ತಿಗೆ ಹೇಳಿಬಿಡ್ತಿದ್ದೆ."

ಎರ್ಮೆಸ್‌ನ ಕಸುಬೇ ಅದು. ಇಟಲಿಯ ರೆಜ್ಜೋ ಪಟ್ಟಣದ ಸುತ್ತಮುತ್ತಲ ಉಗ್ರಾಣಗಳಲ್ಲಿ ಗಾಲಿಯಂಥ ದೊಡ್ಡ ಚೀಸುಗಳನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಒಳಗಿನ ಟೊಳ್ಳು ಹಿಡಿಯುವುದು. ಕಾರು ಅವನ ತೀರಿಹೋದ ಚಿಕ್ಕಪ್ಪನದು. ಒಂದು ಕಾಲದಲ್ಲಿ ಬೆಟ್ಟದ ರೇಸುಗಳಲ್ಲಿ ಹೆಸರು ಮಾಡಿದ, ಎರಡು ಬಾಗಿಲಿನ ಕೆಂಪು ಕೂಪೆ. ಈಗ ಆರು ಸಾವಿರ ಆರ್‌ಪಿಎಂ ದಾಟಿದರೆ ಸಾಕು, ಮಿಸ್ಸಿಂಗ್ ಹೊಡೆದು ಕೆಮ್ಮುತ್ತಿತ್ತು. ದೂರದ ಟ್ರಿಯೆಸ್ಟೆ ನಗರದ ಗಿರಾಕಿಯೊಬ್ಬ ಕೊಳ್ಳುತ್ತೇನೆಂದು ಕೈ ಕುಲುಕಿ ಹೋಗಿದ್ದ. ಇಂಜಿನ್ ಸರಿಯಾದ ದಿನ ಕಾರು ಹೊರಡುವುದು ಎಂದು ಮಾತಾಗಿತ್ತು.

ಅಂದಿನಿಂದ ಪ್ರತಿ ಶನಿವಾರ ಎರ್ಮೆಸ್ ಕಾರು ತೆಗೆದುಕೊಂಡು ಬಂದ. ಓರ್ನೆಲ್ಲಾ ಒಂದು ವಾರ ಪ್ಲಗ್ ಬದಲಿಸಿದಳು. ಇನ್ನೊಂದು ವಾರ ಕಾಯಿಲ್. ಮತ್ತೊಂದು ವಾರ ಕಾರ್ಬ್ಯುರೇಟರ್ ಬಿಚ್ಚಿ ತೊಳೆದಳು. ಪ್ರತಿ ಸಲವೂ ಬೆಟ್ಟದ ರಸ್ತೆಗೆ ಕಾರು ತೆಗೆದು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿಸಿದಳು. ಏರಿನ ಅದೇ ತಿರುವಿನಲ್ಲಿ ಇಂಜಿನ್ ಕೆಮ್ಮುತ್ತಿತ್ತು. ಇಬ್ಬರೂ ಒಟ್ಟಿಗೆ "ಛೆ" ಎನ್ನುತ್ತಿದ್ದರು. ಆದರೆ ಆ "ಛೆ"ಯಲ್ಲಿ ಅಂಥ ದುಃಖವೇನೂ ಇರುತ್ತಿರಲಿಲ್ಲ.

ಒಮ್ಮೆ ಅವನು ಅವಳನ್ನೇ ನೋಡುತ್ತ ಕೂತಿದ್ದ.

"ರಸ್ತೆ ಆ ಕಡೆ ಇದೆ," ಎಂದಳು.

"ಓಡಿಸೋರು ನೀವು. ನಾನ್ಯಾಕೆ ರಸ್ತೆ ನೋಡಲಿ?"

ಒಂದು ಮದುವೆ ಮಾಡಿಕೊಂಡು, ಮುರಿದುಕೊಂಡು, ಸಾಕಪ್ಪಾ ಸಾಕು ಎಂದು ಕೈ ತೊಳೆದುಕೊಂಡ ಹೆಂಗಸು ಓರ್ನೆಲ್ಲಾ. ಆದರೂ ಆ ತಿರುವಿನಲ್ಲಿ ಗೇರ್ ಬದಲಿಸುವುದನ್ನೇ ಮರೆತಳು. ತನಗೆ ಅವನು ಬೇಕು ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಕಾರು ಸರಿಹೋದರೆ ಅವನು ಬರುವುದಿಲ್ಲ ಎಂಬುದೂ ಗೊತ್ತಿತ್ತು.

ಜೂನ್‌ನ ಒಂದು ಶನಿವಾರ ಸೈಕಲ್ ರೇಸ್ ಇದೆಯೆಂದು ಬೆಟ್ಟದ ರಸ್ತೆ ಮುಚ್ಚಿದ್ದರು. ಬೇರೆ ದಾರಿಯಿಲ್ಲದೆ ಓರ್ನೆಲ್ಲಾ ಕಾರನ್ನು ಅಂಗಳದಲ್ಲೇ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಳು. ಐದು ಸಾವಿರ. ಆರು ಸಾವಿರ. ಕೆಮ್ಮು.

ಅವಳು ಕಾಲು ತೆಗೆದು ಲೆಕ್ಕ ಹಾಕಿದಳು. ನಿಂತ ಕಾರಿನ ಇಂಜಿನ್ನಿಗೆ ಎಳೆಯುವ ಭಾರವಿಲ್ಲ, ಪೆಟ್ರೋಲಿನ ದಾಹವೂ ಕಡಿಮೆ. ಹಾಗಿದ್ದೂ ಅದೇ ಆರು ಸಾವಿರದಲ್ಲಿ ಕೆಮ್ಮಿದರೆ ತಪ್ಪು ಪೆಟ್ರೋಲಿನದಲ್ಲ, ಕಿಡಿಯದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಪಾಯಿಂಟಿನ ಸ್ಪ್ರಿಂಗನ್ನು ಬೆರಳಿಂದ ತಳ್ಳಿದಳು. ಮೆತ್ತಗಿತ್ತು.

"ಸಿಕ್ತು," ಎಂದಳು. "ಪ್ರತಿ ಕಿಡಿಗೂ ಇದು ತೆರೆದು ಮುಚ್ಚಬೇಕು. ಸ್ಪ್ರಿಂಗ್ ಮೆತ್ತಗಿದ್ರೆ ಜೋರು ಓಟದಲ್ಲಿ ಮುಚ್ಚೋದ್ರೊಳಗೆ ಮತ್ತೆ ತೆರೆಯೋ ಹೊತ್ತಾಗಿರುತ್ತೆ. ಸಾದಾ ಸಂಸಾರಸ್ಥರ ಕಾರಿನ ಪಾಯಿಂಟ್ ಯಾರೋ ತಂದು ಹಾಕಿದಾರೆ. ರೇಸ್ ಕಾರಿಂದೂ ಇದೂ ನೋಡೋಕೆ ಒಂದೇ ಥರ."

ಎರ್ಮೆಸ್‌ನ ತುಟಿಯಂಚಿನಲ್ಲಿ ನಗು ಸುಳಿಯಿತು.

"ಹಾಗಾದ್ರೆ ಇದು ಇಲ್ಲಿ ನಿಂತೇ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು."

"ಮೊದಲನೇ ದಿನವೇ?"

"ಮೊದಲನೇ ದಿನವೇ. ಕೆಲಸ ಕಲಿಯೋ ಹುಡುಗರಿಗೆ ನಾನೇ ಹೇಳಿಕೊಡೋ ಪಾಠ."

"ಮತ್ತೆ ಬೆಟ್ಟ ಯಾಕೆ ಹತ್ತಿಸಿದ್ರಿ?"

ಓರ್ನೆಲ್ಲಾಳ ಮುಖ ಕಿವಿಯವರೆಗೂ ಕೆಂಪೇರಿತು. ಬೇಕೆಂದು ಮಾಡಿದ್ದಲ್ಲ, ನಿಲ್ಲಿಸಿ ನೋಡಬೇಕೆಂದು ಹೊಳೆದೇ ಇರಲಿಲ್ಲ; ಅದೇ ಅವಳಿಗೆ ಇನ್ನಷ್ಟು ನಾಚಿಕೆಯ ಸಂಗತಿ. ಒಳಗೆ ಹೋಗಿ, ಬಿಗಿ ಸ್ಪ್ರಿಂಗಿನ ಪಾಯಿಂಟ್ ತಂದು ಕೂರಿಸಿದಳು. ಇಂಜಿನ್ ಏಳು ಸಾವಿರದವರೆಗೆ ಒಂದೇ ಉಸಿರಿನಲ್ಲಿ ಏರಿತು.

"ಹಾಕದೇ ಇರಬಹುದಿತ್ತು," ಎಂದ ಎರ್ಮೆಸ್. "ಇನ್ನೊಂದೆರಡು ತಿಂಗಳು ಬರ್ತಿದ್ದೆ."

"ನೀನು ಬರ್ತಿದ್ದೆ, ಸರಿ. ಆದ್ರೆ ಕಾರಿಗೋಸ್ಕರವೋ ನನಗೋಸ್ಕರವೋ ಗೊತ್ತಾಗೋದು ಹೇಗೆ? ನೀನು ಬರದ ಶನಿವಾರ ನನಗೆ ಬೇಡ, ಎರ್ಮೆಸ್. ಆದ್ರೆ ಕೆಟ್ಟ ಕಾರು ಕೊಟ್ಟು ನಿನ್ನ ಕರೆಸಿಕೊಳ್ಳಲ್ಲ."

ಇಷ್ಟು ದಿನದ "ನೀವು" ಎಲ್ಲಿ ಬಿದ್ದುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅವನು ಕೀಲಿ ತೆಗೆದುಕೊಂಡ. ಕೊಟ್ಟ ಮಾತು ಕೊಟ್ಟದ್ದೇ, ಕಾರು ಹೋಗಲೇಬೇಕಿತ್ತು. ಗೇಟಿನಾಚೆ ತಿರುಗುವ ಮುನ್ನ ಕೈಯೆತ್ತಿದ, ಅಷ್ಟೆ. ಬರುತ್ತೇನೆ ಎಂದು ಹೇಳಲಿಲ್ಲ.

ಆ ವಾರವೆಲ್ಲ ಅವಳು ಸಿಕ್ಕವರ ಮೇಲೆಲ್ಲ ಹರಿಹಾಯ್ದಳು.

ಶನಿವಾರ ರೆಜ್ಜೋ ಬಸ್ಸು ಎದುರಿನ ನಿಲ್ದಾಣದಲ್ಲಿ ನಿಂತಿತು. ಇಬ್ಬರು ಮುದುಕಿಯರು ಇಳಿದರು. ಬಾಗಿಲು ಮುಚ್ಚುವಂತಾಗಿ ಮತ್ತೆ ತೆರೆದುಕೊಂಡಿತು.

"ಎರಡು ಬಸ್ ಬದಲಾಯಿಸಿ ಬಂದೆ," ಎಂದು ಎರ್ಮೆಸ್ ರಸ್ತೆಯಾಚೆಯಿಂದಲೇ ಕೂಗಿದ. "ರಿಪೇರಿಗೆ ಏನೂ ತಂದಿಲ್ಲ!"

ಓರ್ನೆಲ್ಲಾ ಗ್ರೀಸಿನ ಕೈ ಒರೆಸಿಕೊಳ್ಳಲೂ ನಿಲ್ಲದೆ ರಸ್ತೆ ದಾಟಿದಳು.